ಸಿಗ್ನೆಯ ಬೆನ್ನಪಟ್ಟಿ

ಆ ಚಳಿಗಾಲದಲ್ಲಿ ನಮ್ಮ ದೊರೆಯೂ ರಾಣಿಯೂ ಒಂದೇ ಮೇಜಿಗೆ ಕೂತು ಮೂರನೆಯವರ ಮೂಲಕ ಮಾತಾಡುತ್ತಿದ್ದರು. ಮೂರನೆಯವರು ಅಂದರೆ ಅರಮನೆಯ ಮೇಲ್ವಿಚಾರಕ ಓಲುಫ್. ಎಪ್ಪತ್ತು ದಾಟಿದ್ದ ಅವರಿಗೆ ಮೊಣಕಾಲು ನೋವು. ದೊರೆ ಎಸ್ಕಿಲ್ ಮೀನಿನ ತಟ್ಟೆಯಿಂದ ತಲೆ ಎತ್ತದೆ, "ಕಿಟಕಿ ಮುಚ್ಚಿಸಿದ್ರೆ ಒಳ್ಳೇದು ಅಂತ ರಾಣಿಯವರಿಗೆ ಹೇಳಿ" ಎನ್ನುವರು. ಓಲುಫ್ ನಾಲ್ಕು ಹೆಜ್ಜೆ ನಡೆದು, ಬಾಗಿ, ಅದನ್ನೇ ಹೇಳುವರು. ಆಗಲೇ ಒಂದು ಸಲ ಕೇಳಿಸಿಕೊಂಡಿದ್ದ ರಾಣಿ ಬೆನೆದೆತ್ತಾ ಎರಡನೆಯ ಸಲವೂ ಕೇಳಿಸಿಕೊಂಡು, "ನನಗೆ ಸೆಕೆ ಆಗ್ತಿದೆ ಅಂತ ದೊರೆಗಳಿಗೆ ತಿಳಿಸಿ" ಎನ್ನುವರು. ಹೊರಗೆ ಹಿಮ ಬೀಳುತ್ತಿರುತ್ತಿತ್ತು. ಓಲುಫ್ ಮತ್ತೆ ನಾಲ್ಕು ಹೆಜ್ಜೆ ನಡೆಯುವರು.

ಭಾನುವಾರದ ಊಟವನ್ನು ಊರಿನವರೆಲ್ಲ ನೋಡಬಹುದಿತ್ತು. ಅದು ನಮ್ಮ ವೆಸ್ಟರ್‌ಹೋಲ್ಮಿನ ಹಳೆಯ ಪದ್ಧತಿ. ದೊಡ್ಡ ಸಭಾಂಗಣದಲ್ಲಿ ಹಗ್ಗ ಕಟ್ಟಿರುತ್ತಿದ್ದರು. ಹಗ್ಗದ ಆಚೆ ಬೇಕರಿಯವರು, ಮೀನುಗಾರರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು ಸಾಲಾಗಿ ನಡೆಯುತ್ತಾ ತಮ್ಮ ದೊರೆ ಉಣ್ಣುವುದನ್ನು ಕಣ್ತುಂಬ ನೋಡಿ ಹೋಗುವರು. ಅವರ ಗುಸುಗುಸು ನನಗೆ ಕೇಳಿಸುತ್ತಿತ್ತು. ಮೀನು ಮಾರುವ ಬಿರ್ಗಿತ್ ಒಂದು ಭಾನುವಾರ ಪಕ್ಕದವಳಿಗೆ ಹೇಳಿದಳು: "ನಮ್ಮನೆಯವನೂ ಹಿಂಗೇ ಕಣೆ. ಜಗಳ ಆಡಿದ್ರೆ ನನಗೆ ಹೇಳ್ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳ್ತಾನೆ. ಇವ್ರಿಗೆ ಪಾಪ, ಬೆಕ್ಕಿನ ಬದ್ಲು ಓಲುಫ್."

ನಾನು ಮಾರೆನ್. ಅರಮನೆಯ ಕೊರಳಪಟ್ಟಿಗಳಿಗೆ ಗಂಜಿ ಹಾಕಿ ನೆರಿಗೆ ಕೂರಿಸುವುದು ನನ್ನ ಕೆಲಸ. ಗಾಡಿಯ ಚಕ್ರದಷ್ಟು ಅಗಲದ ಆ ಪಟ್ಟಿಗಳ ಒಂದೊಂದು ನೆರಿಗೆಯನ್ನೂ ಬಿಸಿ ಕಡ್ಡಿಯಿಂದ ತೀಡಿ ನಿಲ್ಲಿಸಬೇಕು. ಊಟದಲ್ಲಿ ಸಾರು ಚೆಲ್ಲಿದರೆ ಬದಲಾಯಿಸಲೆಂದು ಇನ್ನೊಂದು ಪಟ್ಟಿ ಹಿಡಿದು ದೊರೆ ರಾಣಿಯರ ಬೆನ್ನ ಹಿಂದೆಯೇ ನಿಂತಿರುತ್ತಿದ್ದೆ. ಬೆಳಿಗ್ಗೆ ಇಬ್ಬರಿಗೂ ಪಟ್ಟಿ ಕಟ್ಟುವವಳು ನಾನು, ಸಂಜೆ ಬಿಚ್ಚುವವಳೂ ನಾನು. ಆ ಮನೆಯಲ್ಲಿ ಇಬ್ಬರ ಕೊರಳನ್ನೂ ಮುಟ್ಟುತ್ತಿದ್ದವಳು ನಾನೊಬ್ಬಳೇ.

ಜಗಳ ಅವರ ಮಗಳು ಸಿಗ್ನೆಯ ವಿಷಯಕ್ಕೆ. ಅವಳಿಗೆ ಆಗ ಆರು ವರ್ಷ. ನೆರೆಯ ಗ್ರಾಫೆನ್‌ಮಾರ್ಕಿನ ಹಡಗುಗಳು ಎರಡು ವರ್ಷದಿಂದ ನಮ್ಮ ಜಲಸಂಧಿಯ ಬಾಯಿ ಅಡ್ಡಗಟ್ಟಿ ನಿಂತಿದ್ದವು. ಹಡಗು ಹಿಂದೆ ಹೋಗಬೇಕಾದರೆ ಸಿಗ್ನೆಯನ್ನು ತಮ್ಮ ಎರಡನೆಯ ರಾಜಕುಮಾರನಿಗೆ ಕೊಡಬೇಕು ಎಂದು ಅವರು ಕೇಳಿದ್ದರು. ಮದುವೆ ಮುಂದೆ ಎಂದೋ ಆಗಲಿ, ಮಗು ಮಾತ್ರ ಈಗಲೇ ಬಂದು ಅವರ ಅರಮನೆಯಲ್ಲಿ ಬೆಳೆಯಬೇಕು. ದೊರೆ ಒಪ್ಪಿ ಕಾಗದಕ್ಕೆ ಮುದ್ರೆ ಒತ್ತಿದರು. ರಾಣಿಗೆ ತಿಳಿದದ್ದು ಮುದ್ರೆ ಬಿದ್ದ ಮೇಲೆ.

ಆದರೆ ಮುದ್ರೆಯೊಂದೇ ಸಾಲದು. ನಮ್ಮ ಕಡೆ ಹೆಣ್ಣುಮಕ್ಕಳ ಅಂಗಿಯ ಭುಜದಿಂದ ಬೆನ್ನಿನ ಮೇಲೆ ಎರಡು ಉದ್ದನೆಯ ಬಟ್ಟೆಪಟ್ಟಿಗಳು ಇಳಿಬಿದ್ದಿರುತ್ತವೆ. ಮಗು ನಡೆಯಲು ಕಲಿಯುವಾಗ ಬೀಳದ ಹಾಗೆ ತಾಯಿ ಹಿಡಿದುಕೊಳ್ಳುವುದು ಅವನ್ನೇ. ನಡೆಯಲು ಕಲಿತ ಮೇಲೂ ಅವು ಹಾಗೇ ಇರುತ್ತವೆ, ಈಕೆ ಇನ್ನೂ ತಾಯಿಮನೆಯ ಮಗು ಎಂಬುದರ ಗುರುತಿಗೆ. ಹುಡುಗಿಯನ್ನು ಬೇರೆ ಮನೆಗೆ ಕೊಡುವಾಗ ಆ ಬೆನ್ನಪಟ್ಟಿಗಳನ್ನು ತಾಯಿಯೇ ಎಲ್ಲರೆದುರು ಕತ್ತರಿಸಿ ಬಂದವರ ಕೈಗಿಡಬೇಕು. ತಾಯಿ ಕೈ ಹಿಂದೆಗೆದರೆ ತಂದೆ "ಕತ್ತರಿಸು" ಎಂದು ಮೂರು ಸಲ ಹೇಳಬಹುದು. ಮೂರನೆಯ ಸಲವೂ ತಾಯಿ ಸುಮ್ಮನಿದ್ದರೆ ಮನೆಯ ಹಿರಿಯ ಸೇವಕ ಕತ್ತರಿ ಎತ್ತಿಕೊಳ್ಳುತ್ತಾನೆ. ರಾಯಭಾರಿ ಬರುವ ದಿನ ಗೊತ್ತಾಗಿತ್ತು: ಚಳಿಗಾಲದ ಕೊನೆಗೆ ಬರುವ ದೊಡ್ಡ ಉಪವಾಸ ಶುರುವಾಗುವ ಮೊದಲಿನ ಭಾನುವಾರ, ಊರೆಲ್ಲ ನೋಡುವ ಊಟದ ಹೊತ್ತಿಗೆ.

ಸೇವಕಿಯರು ಬಹಳ ಮಂದಿ ರಾಣಿಯ ಕಡೆಗಿದ್ದರು, ಗಂಡಸರು ದೊರೆಯ ಕಡೆಗೆ. ನಾನು ಯಾವ ಕಡೆ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಬೆನೆದೆತ್ತಾ ದಕ್ಷಿಣದವರು. ದ್ರಾಕ್ಷಿ ಬೆಳೆಯುವ ಸೀಮೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಬಂದವರು. ಬರುವ ರಾಣಿ ತವರಿನ ಒಂದು ದಾರವನ್ನೂ ಒಳಗೆ ತರಕೂಡದು ಎಂಬುದು ಆಗಿನ ನಿಯಮ. ಗಡಿಯಲ್ಲಿ ಒಂದು ಡೇರೆ ಹಾಕಿದ್ದರು. ಆಗ ಬದುಕಿದ್ದ ಹಿರಿಯ ರಾಣಿ, ಅಂದರೆ ದೊರೆಯ ತಾಯಿ, ಆರು ಜನ ಹೆಂಗಸರನ್ನು ಕಳಿಸಿದ್ದರು. ಅವರಲ್ಲಿ ಹದಿನಾರು ವರ್ಷದ ನಾನೂ ಒಬ್ಬಳು. ಆ ಹುಡುಗಿಯ ಮೈಮೇಲಿದ್ದ ಪ್ರತಿಯೊಂದನ್ನೂ ತೆಗೆದೆವು. ಕಿವಿಯ ಓಲೆ, ಕೂದಲ ಪಿನ್ನು, ಒಳಂಗಿ. ಕಾಲುಚೀಲ ತೆಗೆಯುವುದು ನನ್ನ ಪಾಲಿಗೆ ಬಂದಿತ್ತು. ಅವರು ಚಳಿಗೋ ಭಯಕ್ಕೋ ಗಡಗಡ ನಡುಗುತ್ತಿದ್ದರು. ಆದರೂ ಮಂಡಿಯೂರಿದ್ದ ನನಗೆ ಕಷ್ಟವಾಗದಿರಲೆಂದು ತಾವಾಗಿಯೇ ಪಾದ ಎತ್ತಿ ಕೊಟ್ಟರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅವರನ್ನು ಎತ್ತಿ ಆಡಿಸಿದ ದಾದಿ ಝೀತಾ ಡೇರೆಯ ಬಾಗಿಲವರೆಗೆ ಬಂದಿದ್ದಳು. ಅವಳನ್ನು ಅಲ್ಲಿಂದಲೇ ಗಾಡಿ ಹತ್ತಿಸಿ ಹಿಂದಕ್ಕೆ ಕಳಿಸಿದರು. ರಾಣಿ ಅತ್ತದ್ದು ಆಗ. ಒಂದು ಗಂಟೆ ಅತ್ತಿರಬೇಕು. ಕಣ್ಣು ಒರೆಸಿ ಡೇರೆಯ ಆಚೆ ಕಾಯುತ್ತಿದ್ದ ದೊರೆಯ ಮುಂದೆ ನಿಲ್ಲಿಸಿದಾಗಲೂ ಅಳು ನಿಂತಿರಲಿಲ್ಲ.

ರಾಯಭಾರಿ ಬರಲು ಹತ್ತು ದಿನವಿದ್ದಾಗ ನಾನೊಂದು ವಿಷಯ ಗಮನಿಸಿದೆ. ಗಂಜಿ ಹಾಕಿದ ಬಟ್ಟೆಗೆ ಕಣ್ಣೀರು ಬಿದ್ದರೆ ನಮಗೆ ಗೊತ್ತಾಗದೆ ಹೋಗದು. ಸಾರು ಬಿದ್ದರೆ ಕಲೆಯಾಗುತ್ತದೆ, ಬೆವರು ಹಿಂದುಗಡೆ ಇಳಿಯುತ್ತದೆ. ಕಣ್ಣೀರು ಮುಂದಿನ ನಾಲ್ಕೈದು ನೆರಿಗೆಯನ್ನಷ್ಟೇ ಮೆತ್ತಗೆ ಮಾಡುತ್ತದೆ. ರಾಣಿಯ ಪಟ್ಟಿ ಒಂದು ತಿಂಗಳಿಂದ ಹಾಗೇ ಬರುತ್ತಿತ್ತು. ನಾನು ಯಾರಿಗೂ ಹೇಳದೆ ಮತ್ತೆ ಗಂಜಿ ಹಾಕುತ್ತಿದ್ದೆ. ಆ ದಿನ ದೊರೆಯ ಪಟ್ಟಿಯೂ ಹಾಗೇ ಬಂತು. ಗಲ್ಲದ ಕೆಳಗೆ ಐದು ನೆರಿಗೆ ಸತ್ತುಹೋಗಿದ್ದವು.

ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಲು ಹೋದಾಗ ಅವರು ಎಂದಿನ ಹಾಗೆ ಸುಮ್ಮನೆ ಕೂತಿದ್ದರು. ನಮ್ಮ ದೊರೆ ಕಡಿಮೆ ಮಾತಿನವರು. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಉಳಿದಿತ್ತು. ಕನ್ನಡಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ನನಗೆ ಧೈರ್ಯ ಎಲ್ಲಿಂದ ಬಂತೋ. ಮಗು ಹೋಗುವುದು ದೊರೆಗಳಿಗೂ ಕಷ್ಟವಾಗುತ್ತಿರಬೇಕು ಎಂದೆ.

ಅವರು ಸಿಟ್ಟಾಗಲಿಲ್ಲ. "ಈಗ್ಲೇ ಹೋದ್ರೆ ಒಳ್ಳೇದು ಮಾರೆನ್" ಎಂದರು. "ಆರು ವರ್ಷದ ಮಗು ಎಲ್ಲ ಮರ್ತುಬಿಡುತ್ತೆ. ಅಲ್ಲಿ ಮಾತೇ ತನ್ನ ಮಾತು, ಅಲ್ಲಿ ಜನಾನೇ ತನ್ನ ಜನ ಅನ್ಕೊಳ್ಳುತ್ತೆ. ರಾಣಿಯವ್ರ ಹಾಗೆ ದೊಡ್ಡವಳಾದ್ಮೇಲೆ ಹೋದ್ರೆ ಜೀವನಪೂರ್ತಿ ಪರದೇಸಿ ಆಗಿ ಉಳೀತಾಳೆ. ಅವ್ರ ಸಂಕಟ ನಾನು ಹನ್ನೊಂದು ವರ್ಷದಿಂದ ನೋಡ್ತಾ ಇಲ್ವಾ?"

ನನ್ನ ಕೈಯಲ್ಲಿದ್ದ ಪಿನ್ನು ಅಲ್ಲೇ ನಿಂತಿತು. ನಾವೆಲ್ಲ ಕಲ್ಲೆದೆಯವರು ಎಂದುಕೊಂಡಿದ್ದ ಮನುಷ್ಯ ಇದನ್ನು ಮಗಳಿಗೆ ಮಾಡುವ ಉಪಕಾರ ಎಂದು ನಂಬಿದ್ದರು.

ರಾಣಿಯವರಿಗೆ ಸಂಕಟ ಯಾಕೆ ಅಂತ ದೊರೆಗಳು ತಿಳಿದಿದ್ದೀರಿ ಎಂದು ಕೇಳಿದೆ.

"ಅದರಲ್ಲಿ ತಿಳ್ಕೊಳ್ಳೋದೇನಿದೆ?" ಎಂದರು, ಸುಮ್ಮನೆ ಹವಾಮಾನದ ಸುದ್ದಿ ಹೇಳುವ ಹಾಗೆ. "ಮೊದಲ ದಿನವೇ ನನ್ನ ಮುಖ ನೋಡಿ ಅತ್ರಲ್ಲ. ನೀನೂ ಅಲ್ಲೇ ಇದ್ದೆ. ಅದರಲ್ಲಿ ಅವ್ರ ತಪ್ಪೇನಿಲ್ಲ."

ಹನ್ನೊಂದು ವರ್ಷ ಆ ಮನುಷ್ಯ ಅದನ್ನೇ ನಂಬಿಕೊಂಡು, ಹೆಂಡತಿಗೆ ತನ್ನ ಮುಖ ಆದಷ್ಟು ಕಾಣದಿರಲೆಂದು ತಟ್ಟೆ ನೋಡುತ್ತಾ ಉಂಡಿದ್ದರು. ನಾನು ಡೇರೆಯೊಳಗೆ ನಡೆದದ್ದನ್ನೆಲ್ಲ ಹೇಳಿದೆ. ಒಂದೂ ಮುಚ್ಚಿಡಲಿಲ್ಲ. ನಾನು ಎಳೆದ ಕಾಲುಚೀಲವನ್ನೂ ಹೇಳಿದೆ. ನಿಮ್ಮನ್ನು ನೋಡುವ ಮೊದಲೇ ಒಂದು ಗಂಟೆಯಿಂದ ಅಳುತ್ತಿದ್ದರು, ಅತ್ತದ್ದು ಝೀತಾಳಿಗಾಗಿ ಎಂದೆ. ದಾದಿಯನ್ನು ಹಿಂದೆ ಕಳಿಸುವ ಅಪ್ಪಣೆಯನ್ನು ಡೇರೆಯಲ್ಲಿ ಓದಿ ಹೇಳಿದ್ದರು. ಅದರ ಮೇಲೆ ದೊರೆಯ ಮುದ್ರೆ ಇತ್ತು.

"ನನ್ನ ಮುದ್ರೆಯಾ?"

ಹೌದು ಎಂದೆ.

ಅವರಿಗೆ ಆಗ ಹದಿನೇಳು ವರ್ಷ. ತಾಯಿ ಮುಂದಿಟ್ಟ ಕಾಗದಕ್ಕೆಲ್ಲ ಮುದ್ರೆ ಒತ್ತುತ್ತಿದ್ದ ವಯಸ್ಸು. ಅವರು ಕೈಯನ್ನು ತೊಡೆಯ ಮೇಲೆ ಮಗುಚಿ ಬೆರಳಿನ ಮುದ್ರೆಯುಂಗುರವನ್ನು ನೋಡಿಕೊಂಡರು. ಪಟ್ಟಿ ಕಟ್ಟಿ ಮುಗಿಸು ಎಂದರು.

ಸಂಜೆ ರಾಣಿಯ ಕೋಣೆಗೆ ಹೋದಾಗ ಅವರಿಗೂ ಹೇಳಿದೆ. ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

"ಮರೆತುಬಿಡ್ತಾಳೆ ಅಂತಾನಾ?" ಎಂದರು. ಕಿಟಕಿಯ ಹತ್ತಿರ ಸಿಗ್ನೆ ಬೇಯಿಸಿದ ಪೇರ್ ಹಣ್ಣನ್ನು ಕೈಯಲ್ಲೇ ತಿನ್ನುತ್ತಾ, ಬೆಕ್ಕಿಗೆ ಕೊಡದೆ ತೋರಿಸಿ ಕಾಡುತ್ತಿದ್ದಳು. "ಮರೆಯೋದು ಒಳ್ಳೇದಂತೆ. ನನ್ನ ಮಗಳು ನನ್ನ ಮುಖ ಮರೆಯೋದು ಒಳ್ಳೇದಂತೆ ಮಾರೆನ್. ನನಗೆ ಉಳಿದಿರೋದೇ ನೆನಪು. ಝೀತಾ ಹಾಡ್ತಿದ್ದ ಹಾಡು ಇಲ್ದಿದ್ರೆ ನಾನು ಈ ಚಳಿ ಊರಲ್ಲಿ ಯಾವತ್ತೋ ಹುಚ್ಚಿ ಆಗ್ತಿದ್ದೆ."

ದೊರೆಯೂ ಅಳುತ್ತಿದ್ದಾರೆ ಎಂದೆ.

ಅವರು ಮಗಳ ಕೈಗಂಟಿದ ಹಣ್ಣಿನ ರಸ ಒರೆಸಿದರು. ಆಮೇಲೆ, "ಅಳ್ತಾ ಅಳ್ತಾನೇ ಮುದ್ರೆ ಒತ್ತಬಹುದಲ್ಲ" ಎಂದರು. "ನಾನಂತೂ ಕತ್ತರಿಸಲ್ಲ. ಅವ್ರು ಮೂರು ಸಲ ಹೇಳ್ಲಿ. ಹೇಳಿದ್ದು ತನ್ನಪ್ಪ ಅಂತ ಮಗುಗೆ ಗೊತ್ತಾಗ್ಲಿ. ಅದನ್ನೂ ಮರೆತರೆ ನೋಡೋಣ."

ನಾನು ಹೇಳಬಾರದಿತ್ತೇನೋ ಎಂದು ಆ ವಾರವೆಲ್ಲ ಕೊರಗಿದೆ. ಇಬ್ಬರ ನಡುವೆ ಓಲುಫ್ ನಡೆಯುವುದೂ ನಿಂತುಹೋಗಿತ್ತು, ಯಾಕೆಂದರೆ ಹೇಳಿಕಳಿಸಲೂ ಮಾತಿರಲಿಲ್ಲ.

ಆ ಭಾನುವಾರ ಹಗ್ಗದ ಆಚೆ ಕಾಲಿಡಲು ಜಾಗವಿರಲಿಲ್ಲ. ಜನ ಸಾಲಾಗಿ ನಡೆಯದೆ ನಿಂತೇ ಬಿಟ್ಟಿದ್ದರು. ರಾಯಭಾರಿ ದೊರೆಯ ಬಲಕ್ಕೆ ಕೂತಿದ್ದರು. ಗಡ್ಡ ಚೆನ್ನಾಗಿ ಕತ್ತರಿಸಿಕೊಂಡ, ನಯವಾದ ಮನುಷ್ಯ. ಮಗುವಿಗೆಂದು ಬಣ್ಣದ ಮರದ ಕುದುರೆ ತಂದಿದ್ದರು. ಸಿಗ್ನೆ ಅದರ ಬಾಲ ಹಿಡಿದು ತಾಯಿಯ ಕುರ್ಚಿಗೆ ಒರಗಿ ನಿಂತಿದ್ದಳು. ಹೊಸ ಹಸಿರು ಅಂಗಿಯ ಮೇಲೆ ಎರಡು ಬಿಳಿ ಬೆನ್ನಪಟ್ಟಿ. ಅವಕ್ಕೆ ಗಂಜಿ ಹಾಕಿದ್ದವಳು ನಾನೇ.

ಓಲುಫ್ ಬೆಳ್ಳಿಯ ತಟ್ಟೆಯಲ್ಲಿ ಕತ್ತರಿ ತಂದು ರಾಣಿಯ ಮುಂದಿಟ್ಟರು. ರಾಣಿ ಕತ್ತರಿಯನ್ನು ನೋಡಿದರು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಎಲ್ಲರೂ ದೊರೆಯ ಕಡೆ ತಿರುಗಿದರು.

"ಕತ್ತರಿಸು" ಎಂದರು ದೊರೆ.

ಧ್ವನಿ ಎಷ್ಟು ಮೆಲ್ಲಗಿತ್ತೆಂದರೆ ಹಿಂದಿನ ಸಾಲಿನವರು ಹೇಳಿದರಾ, ಹೇಳಿದರಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ರಾಣಿ ಕದಲಲಿಲ್ಲ.

"ಕತ್ತರಿಸು" ಎಂದು ಎರಡನೆಯ ಸಲ ಹೇಳಿದರು. ಈ ಸಲ ಎಲ್ಲರಿಗೂ ಕೇಳಿಸಿತು. ಬಿರ್ಗಿತ್ ಎಲ್ಲೋ ಹಿಂದೆ ಮೂಗು ಎಳೆದುಕೊಂಡಳು. ಸಿಗ್ನೆಗೆ ಏನರ್ಥವಾಯಿತೋ, ಕುದುರೆಯನ್ನು ಕೆಳಗೆ ಬಿಟ್ಟು, ಕೈಯನ್ನು ಬೆನ್ನ ಹಿಂದೆ ಒಯ್ದು ತನ್ನ ಪಟ್ಟಿಗಳೆರಡನ್ನೂ ತಾನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಳಲಿಲ್ಲ. ಅಪ್ಪನನ್ನೇ ನೋಡುತ್ತಾ ನಿಂತಳು.

ನಾನು ದೊರೆಯ ಬೆನ್ನ ಹಿಂದೆ ಇದ್ದೆ. ಕೊರಳಪಟ್ಟಿಯ ಮೇಲೆ ಅವರ ಕತ್ತು ಕೆಂಪಗಾಗಿದ್ದು ಕಾಣುತ್ತಿತ್ತು. ಮೂರನೆಯ ಸಲ ಹೇಳಲು ಅವರು ಉಸಿರು ತೆಗೆದುಕೊಂಡರು. ಓಲುಫ್ ಕತ್ತರಿಯ ಕಡೆ ಒಂದು ಹೆಜ್ಜೆ ಇಟ್ಟರು. ರಾಯಭಾರಿ ಕೈ ಚಾಚಲು ತಯಾರಾದರು.

ದೊರೆ ಉಸಿರನ್ನು ಹಾಗೇ ಬಿಟ್ಟರು. ಆಮೇಲೆ ಕುರ್ಚಿಯನ್ನು ಪೂರ್ತಿ ತಿರುಗಿಸಿ ಹೆಂಡತಿಗೆ ಎದುರಾಗಿ ಕೂತರು. ಕಿಟಕಿಯ ಬೆಳಕು ಅವರ ಮುಖದ ಮೇಲೆ, ಒಂದೊಂದು ಕಲೆಯ ಮೇಲೂ ಬಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಬೆನೆದೆತ್ತಾ" ಎಂದರು. "ನೀನು ಏನು ಹೇಳ್ತೀಯ?"

ಜನರೆದುರು ದೊರೆ ಯಾರನ್ನೂ ಕೇಳುವ ಪದ್ಧತಿ ಇಲ್ಲ. ದೊರೆ ಹೇಳುತ್ತಾರೆ, ಅಷ್ಟೇ. ಓಲುಫ್ ಅಭ್ಯಾಸಬಲದಿಂದ ಆ ಪ್ರಶ್ನೆಯನ್ನು ರಾಣಿಗೆ ತಲುಪಿಸಲು ಬಾಗಿದರು. ಬೇಡ ಎಂಬಂತೆ ದೊರೆ ಅವರ ತೋಳು ಮುಟ್ಟಿದರು.

ರಾಣಿ ತಯಾರಾಗಿ ಬಂದದ್ದೆಲ್ಲ ಮೂರನೆಯ ಅಪ್ಪಣೆಗೆ, ಈ ಪ್ರಶ್ನೆಗಲ್ಲ.

"ಹದಿನಾಲ್ಕು ಆಗ್ಲಿ" ಎಂದರು ಕೊನೆಗೆ. "ಅಲ್ಲೀವರೆಗೂ ನನ್ನ ಹತ್ರ ಇರ್ಲಿ. ಆಮೇಲೆ ಅವಳೇ ಹೋಗ್ತೀನಿ ಅಂದ್ರೆ ನಾನೇ ಕತ್ತರಿಸ್ತೀನಿ. ಅವಳ ಬಟ್ಟೆ ಅವಳ ಮೈಮೇಲೇ ಇರ್ಬೇಕು. ಅವಳ ದಾದಿ ಅವಳ ಜೊತೆ ಹೋಗ್ಬೇಕು. ಗಡಿಯಲ್ಲಿ ಡೇರೆ ಹಾಕ್ಬಾರ್ದು."

ದೊರೆ ರಾಯಭಾರಿಯ ಕಡೆ ತಿರುಗಿ, "ಕೇಳಿಸಿಕೊಂಡ್ರಲ್ಲ" ಎಂದರು. "ನಮ್ಮ ಉತ್ತರ ಅದು."

ರಾಯಭಾರಿ ನಗುತ್ತಲೇ, ಕಾಗದಕ್ಕೆ ಮುದ್ರೆ ಬಿದ್ದು ನಾಲ್ಕು ತಿಂಗಳಾಯಿತಲ್ಲ ಎಂದು ನೆನಪಿಸಿದರು. ಮುದ್ರೆ ತಮ್ಮದೇ, ತಪ್ಪೂ ತಮ್ಮದೇ, ಅದಕ್ಕೆ ಏನು ತೆರಬೇಕೋ ತೆರುತ್ತೇವೆ ಎಂದರು ದೊರೆ. ಕತ್ತರಿಯನ್ನು ತಾವೇ ಎತ್ತಿ ಓಲುಫ್‌ರ ತಟ್ಟೆಗೆ ಹಾಕಿದರು. ಅದನ್ನು ಒಳಗೆ ಒಯ್ಯುವಾಗ ಆ ಮುದುಕರು ಕುಂಟುವುದನ್ನೇ ಮರೆತಿದ್ದರು.

ತೆತ್ತದ್ದು ಕಡಿಮೆಯೇನಲ್ಲ. ಹಡಗುಗಳು ಹೋಗಬೇಕಾದರೆ ಹಾಲ್ಸೆ ದ್ವೀಪವನ್ನು ಬಿಟ್ಟುಕೊಡಬೇಕಾಯಿತು. ಅದರ ಸುತ್ತಲಿನ ನೀರಿನಲ್ಲಿ ಮೀನು ಹಿಡಿಯುತ್ತಿದ್ದ ನಲವತ್ತು ಮನೆಯವರು ಬೇರೆ ದಡ ಹುಡುಕಿಕೊಂಡರು. ಬಿರ್ಗಿತ್‌ಳ ಗಂಡನೂ ಅವರಲ್ಲೊಬ್ಬ. ದೊರೆಗೆ ಹೆಂಡತಿಯ ಗುಲಾಮ ಎಂಬ ಹೆಸರು ಬಂತು. ಮಂತ್ರಿಗಳು ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ಹೇಳಿದರು. ಬಿರ್ಗಿತ್ ಕೆಲವು ವಾರ ಭಾನುವಾರದ ಊಟಕ್ಕೆ ಬರಲೇ ಇಲ್ಲ. ಬಂದ ದಿನ ಹಗ್ಗದ ಹತ್ತಿರ ನಿಂತು ಸಿಗ್ನೆಯನ್ನು ಬಹಳ ಹೊತ್ತು ನೋಡಿ, "ಹೋಗ್ಲಿ ಬಿಡು, ಸ್ವಲ್ಪ ಮೈ ಕೈ ತುಂಬ್ಕೊಂಡಿದಾಳೆ" ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಆದರೆ ಇದೆಲ್ಲ ಆಮೇಲಿನದು. ಆ ಭಾನುವಾರ ಊಟ ಮುಗಿದ ಮೇಲೆ ನಾನು ರಾಣಿಯ ಕೋಣೆಯಲ್ಲಿ ಅವರ ಕೊರಳಪಟ್ಟಿಯ ಪಿನ್ನು ತೆಗೆಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಮೊದಲೇ ಹೇಳಿಕಳಿಸದೆ, ಓಲುಫ್ ಇಲ್ಲದೆ, ದೊರೆ ಒಬ್ಬರೇ ಬಂದು ನಿಂತಿದ್ದರು. ಒಳಗೆ ಬರಬಹುದೇ ಎಂದು ಕೇಳಿದರು. ರಾಣಿ ಸ್ಟೂಲಿನ ಮೇಲಿದ್ದ ಮಗಳ ಬಟ್ಟೆ ಸರಿಸಿ ಜಾಗ ಮಾಡಿದರು.

ಅವರು ಕೂತರು. ದಾದಿಯನ್ನು ಹಿಂದೆ ಕಳಿಸಿದ ಆ ಕಾಗದದಲ್ಲಿ ಏನಿತ್ತು ಎಂದು ತಾವು ಓದಿರಲಿಲ್ಲ, ಓದಬೇಕಿತ್ತು ಎಂದರು. ಝೀತಾ ಈಗ ಎಲ್ಲಿದ್ದರೂ ಹುಡುಕಿಸುತ್ತೇನೆ, ಬರುವುದಾದರೆ ಬೇಸಿಗೆಯೊಳಗೆ ಕರೆಸುತ್ತೇನೆ ಎಂದರು.

"ಅವಳು ತೀರ್ಹೋಗಿ ಆರು ವರ್ಷ ಆಯ್ತು" ಎಂದರು ರಾಣಿ. "ಸಿಗ್ನೆ ಹುಟ್ಟಿದ ವರ್ಷ. ನಮ್ಮಕ್ಕ ಬರೆದಿದ್ಲು."

ದೊರೆ ತಲೆ ತಗ್ಗಿಸಿದರು. ಆ ವರ್ಷ ರಾಣಿ ಶೋಕದ ಕಪ್ಪು ಬಟ್ಟೆ ಉಟ್ಟದ್ದು ನನಗೆ ನೆನಪಿತ್ತು. ಕೇಳಿದವರಿಗೆ ದೂರದ ಬಂಧು ಎಂದಿದ್ದರು. ದೊರೆ ಕೇಳಿಯೇ ಇರಲಿಲ್ಲ.

"ನಿಮ್ಮ ಮುಖ ನೋಡಿ ನಾನು ಅತ್ತೆ ಅಂತ ಅನ್ಕೊಂಡಿದ್ರಂತೆ" ಎಂದರು ರಾಣಿ. ನಾನು ಪಿನ್ನುಗಳನ್ನು ಎಣಿಸುತ್ತಿರುವ ಹಾಗೆ ಬಗ್ಗಿ ನಿಂತೆ. "ಆವತ್ತು ನಿಮ್ಮ ಮುಖ ನಾನು ಸರಿಯಾಗಿ ನೋಡ್ಲೂ ಇಲ್ಲ. ಕಣ್ಣು ಊದಿತ್ತು. ಕಂಡಿದ್ದು ಒಂದೇ. ಎಲ್ಲಾರೂ ಹೊರಡಿ ಹೊರಡಿ ಅಂತಿದ್ರೆ ನೀವು ಕುದುರೆ ನೀರು ಕುಡಿದು ಮುಗಿಸೋವರೆಗೂ ಲಗಾಮು ಹಿಡ್ಕೊಂಡು ಕಾಯ್ತಾ ನಿಂತಿದ್ರಿ. ಇವನು ಕೆಟ್ಟವನಿರಲ್ಲ ಅನ್ಕೊಂಡೆ. ಆಮೇಲೆ ಹನ್ನೊಂದು ವರ್ಷ ಇವನು ಯಾಕೆ ನನ್ನ ಕಡೆ ನೋಡಲ್ಲ ಅಂತ ಅರ್ಥಾನೇ ಆಗ್ಲಿಲ್ಲ."

ದೊರೆ ಕೈಯಿಂದ ಮುಖ ಉಜ್ಜಿಕೊಂಡರು. ಆಮೇಲೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಝೀತಾ ಹೇಗಿದ್ದಳು ಎಂದು ಕೇಳಿದರು. ನೋಡಲು ಹೇಗಿದ್ದಳು, ಯಾವ ಊರಿನವಳು, ಏನು ಹಾಡುತ್ತಿದ್ದಳು.

ನಾನು ಪಟ್ಟಿಯನ್ನು ಎತ್ತಿಕೊಂಡು ಬಾಗಿಲು ಎಳೆದುಕೊಂಡೆ. ದಪ್ಪಗಿದ್ದಳು ಎಂದು ರಾಣಿ ಹೇಳುವುದು ಕೇಳಿಸಿತು, ನಡೆಯುವಾಗ ಬಾತುಕೋಳಿಯ ಹಾಗೆ ಕಾಣುತ್ತಿದ್ದಳು, ಬೆಳ್ಳುಳ್ಳಿ ವಾಸನೆ ಬರುತ್ತಿತ್ತು.